ಯುವಜನ ಪಾಠ: ಯಾವ ಪರಿಪೂರ್ಣತೆ?

ವಾಚನಕ್ಕೆ: ಮತ್ತಾಯ 5:43–48, ಲೂಕ 6:27–36



ಕನ್ನಡ ಪೂಜೆಯಲ್ಲಿ ವಾಚನ ಓದಲು ಹೈಸ್ಕೂಲು ಮಕ್ಕಳು ಮುಂದೆ ಬರುತ್ತಿಲ್ಲ ಎಂದು ಹಿರಿಯರು ಬೇಸರಪಡುತ್ತಾರೆ. ಯುವಜನ ಕೂಟದಲ್ಲಿ ನಾವು ಕಾರಣ ಕೇಳಿದೆವು. ಭಕ್ತಿ ಕಡಿಮೆಯಾದದ್ದಲ್ಲ. “ಯಾರಾದರೂ ವಿಡಿಯೊ ಮಾಡಿ ಸ್ಟೇಟಸ್ ಹಾಕಿಬಿಟ್ಟರೆ?” ಎಂಬ ಭಯ. ಹೊಸೂರು ಸೀಮೆಯ ನಮ್ಮ ಮಕ್ಕಳು ಶಾಲೆಯಲ್ಲಿ ಹೆಚ್ಚಾಗಿ ಓದುವುದು ತಮಿಳು, ಇಂಗ್ಲಿಷ್. ಮನೆಯಲ್ಲಿ ಆಡುವುದು ತಮಿಳು, ತೆಲುಗು ಬೆರೆತ ಕನ್ನಡ. ವಾಚನದಲ್ಲಿ ‘ನೆಬೂಕದ್ನೆಚ್ಚರ’ ಎಂಬ ಹೆಸರು ಬಂದರೆ ನಾಲಿಗೆ ತೊಡರುತ್ತದೆ. (ಯಾರಿಗೆ ತೊಡರುವುದಿಲ್ಲ?) ಮೊದಲಾದರೆ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕು ಜನ ನಕ್ಕು ಮರೆಯುತ್ತಿದ್ದರು. ಈಗ ಆ ಹತ್ತು ಸೆಕೆಂಡು ಬೆಂಗಳೂರಿನ ನೆಂಟರ ಫೋನಿಗೂ ಹೋಗಿ, ನಗುವ ಎಮೋಜಿ ಹೊತ್ತು ವಾಪಸು ಬರುತ್ತದೆ.

ತಪ್ಪು ಓದುವುದಕ್ಕಿಂತ ಓದದಿರುವುದೇ ಮೇಲು ಎಂದು ಮಕ್ಕಳು ತೀರ್ಮಾನಿಸಿದರೆ, ಇನ್ನು ಹತ್ತು ವರ್ಷಕ್ಕೆ ಈ ಪೀಠದಲ್ಲಿ ಕನ್ನಡ ಓದುವವರು ಯಾರು?

ಮುಖದ ವಿಷಯವೂ ಹೀಗೆಯೇ. ಫಿಲ್ಟರ್ ಇಲ್ಲದೆ ಫೋಟೊ ಹಾಕದವರು ನಮ್ಮಲ್ಲಿದ್ದಾರೆ. ‘ನನ್ನ ಮೂಗು ದಪ್ಪ’ ಎಂಬ ಕೊರಗು ಬೇರೆ. ಇದಕ್ಕೆ ವಿಜ್ಞಾನದ ಉತ್ತರವೊಂದಿದೆ. ಕೈಯಲ್ಲಿ ಹಿಡಿದ ಫೋನಿಗೆ ಮೂಗು ಹತ್ತಿರ, ಕಿವಿ ದೂರ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. 2018ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಲೆಕ್ಕದಂತೆ, 12 ಅಂಗುಲ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮುಖಕ್ಕೆ ಹೋಲಿಸಿದರೆ ಮೂಗಿನ ಅಗಲ ನಿಜಕ್ಕಿಂತ ಸುಮಾರು ಶೇ. 30ರಷ್ಟು ಹೆಚ್ಚಾಗಿ ಕಾಣುತ್ತದೆ. 5 ಅಡಿ ದೂರದಿಂದ ತೆಗೆದರೆ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಫೋನು ಮೊದಲು ಮೂಗನ್ನು ಹಿಗ್ಗಿಸುತ್ತದೆ, ಆಮೇಲೆ ಅದನ್ನು ಕುಗ್ಗಿಸಲು ಫಿಲ್ಟರನ್ನೂ ಕೊಡುತ್ತದೆ!

ಇನ್ನು ಬಣ್ಣ. ಹಲವು ಫಿಲ್ಟರ್‌ಗಳು ಚರ್ಮವನ್ನು ನಯ ಮಾಡುವುದರ ಜೊತೆಗೆ ಬೆಳ್ಳಗೂ ಮಾಡುತ್ತವೆ. ಗುಲಾಬಿ ತೋಟದ ಬಿಸಿಲಿನಲ್ಲಿ ದುಡಿಯುವ ಅಮ್ಮನ ಬಣ್ಣ ಮಗಳಿಗೆ ನಾಚಿಕೆಯಾಗತೊಡಗುತ್ತದೆ. ಪರಮಗೀತೆಯ ಮೊದಲ ಅಧ್ಯಾಯ (1:5–6) ತೆರೆದು ನೋಡಿ. ಅಲ್ಲಿನ ಹುಡುಗಿಯೂ ದ್ರಾಕ್ಷಾತೋಟ ಕಾಯುತ್ತ ಬಿಸಿಲಿಗೆ ಕಪ್ಪಾದವಳು. ತನ್ನ ಕಪ್ಪನ್ನೂ ತನ್ನ ಚೆಲುವನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುತ್ತಾಳೆ.

“ಆದರೆ ಪರಿಪೂರ್ಣರಾಗಿರಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರಲ್ಲ?” ಎಂದು ಪ್ಲಸ್ ಟು ಓದುವ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಆ ಮಾತು ಎಲ್ಲಿ ಬರುತ್ತದೆ ನೋಡೋಣ. ಮತ್ತಾಯರ ಶುಭಸಂದೇಶದಲ್ಲಿ ಅದಕ್ಕೆ ಮೊದಲು ಬರುವುದೆಲ್ಲ ಶತ್ರುಗಳನ್ನು ಪ್ರೀತಿಸುವ ಮಾತು. ಒಳ್ಳೆಯವರು, ಕೆಟ್ಟವರು ಎನ್ನದೆ ಎಲ್ಲರ ಮೇಲೂ ಸೂರ್ಯನನ್ನು ಉದಯಿಸುವಂತೆ ಮಾಡುವ ತಂದೆಯ ಮಾತು. ರೂಪ, ಅಂಕ, ಉಚ್ಚಾರಣೆ ಯಾವುದರ ಸುದ್ದಿಯೂ ಅಲ್ಲಿಲ್ಲ. ಮೂಲ ಗ್ರೀಕ್ ಪದ ‘ತೆಲೆಯೋಸ್’. ಗುರಿ ಮುಟ್ಟಿದ್ದು, ಪೂರ್ತಿ ಬೆಳೆದದ್ದು ಎಂದು ಅದರ ಅರ್ಥ. ಯೋಚನೆಯಲ್ಲಿ ಮಕ್ಕಳಾಗಿರದೆ ಬೆಳೆದವರಾಗಿರಿ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ (1 ಕೊರಿಂಥ 14:20) ಬಳಸುವುದೂ ಇದೇ ಪದ. ಲೂಕರಂತೂ ಇದೇ ಬೋಧನೆಯನ್ನು ಹೇಳುವಾಗ ‘ಪರಿಪೂರ್ಣ’ದ ಜಾಗದಲ್ಲಿ ‘ದಯೆ’ಯನ್ನೇ ಇಟ್ಟಿದ್ದಾರೆ (6:36). ಹಾಗಾದರೆ ಆ ವಚನದ ಮುಂದೆ ತಡವರಿಸಿ ಓದಿದ ಹುಡುಗಿ ಉತ್ತರ ಹೇಳಬೇಕಿಲ್ಲ. ಅದನ್ನು ಚಿತ್ರೀಕರಿಸಿ ಹಂಚಿದವರು ಹೇಳಬೇಕು.

ಆದ್ದರಿಂದ ಹಿರಿಯರಲ್ಲಿ ಒಂದು ವಿನಂತಿ. ವಾಚನದ ವೇಳೆ ಫೋನು ಜೇಬಿನಲ್ಲಿರಲಿ. ಓದುತ್ತಿರುವುದು ನಿಮ್ಮ ಮಗಳೇ ಆದರೂ, ಅವಳನ್ನು ಕೇಳದೆ ಸ್ಟೇಟಸ್ ಹಾಕಬೇಡಿ. ಮಕ್ಕಳು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಕನ್ನಡಿ ಕಂಡರೆ ಅಳುವಂತಾದರೆ ‘ಫೋನು ಕಿತ್ತಿಟ್ಟರೆ ಸರಿಹೋಗುತ್ತದೆ’ ಎಂದು ಕೂರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನಿನ ಅತಿಬಳಕೆಗೆಂದೇ 2014ರಿಂದ ಪ್ರತ್ಯೇಕ ಚಿಕಿತ್ಸಾ ಘಟಕವಿದೆ. ನಮಗೆ ಅದು ದೂರವೇನಲ್ಲ.

ಬರುವ ಭಾನುವಾರ ಪೂಜೆಯ ನಂತರ ವಾಚನ ಅಭ್ಯಾಸ ಇಟ್ಟುಕೊಂಡಿದ್ದೇವೆ. ದಾನಿಯೇಲನ ಗ್ರಂಥದ 3ನೇ ಅಧ್ಯಾಯ. ನೆಬೂಕದ್ನೆಚ್ಚರನ ಹೆಸರು ಅಲ್ಲಿ ಬೇಕಾದಷ್ಟು ಸಲ ಬರುತ್ತದೆ. ಫೋನುಗಳಿಗೆ ಬಾಗಿಲ ಬಳಿ ಒಂದು ಬುಟ್ಟಿ ಇಟ್ಟಿರುತ್ತೇವೆ. ಕೊನೆಗೆ ಚಹಾ ಉಂಟು.