ಮೊದಲು ಮಗುಚುವುದನ್ನು ಕಲಿಯಿರಿ

ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಕಾಳಿ ನದಿಯ ನೊರೆನೀರು ಕಂಡು ‘ನಾನೂ ಇಲ್ಲಿ ಕಯಾಕ್ ನಡೆಸಬೇಕು’ ಅನ್ನಿಸಿತೇ? ಭಯಪಡಬೇಡಿ, ನಡೆಸಬಹುದು. ಆದರೆ ಹುಟ್ಟು ಹಾಕುವುದು ಎರಡನೆಯ ಪಾಠ. ಮೊದಲ ಪಾಠ, ಮಗುಚಿದ ದೋಣಿಯಿಂದ ಹೊರಗೆ ಬರುವುದು.

1. ಕಲಿಸುವವರನ್ನು ಹುಡುಕಿ. ರಾಫ್ಟ್‌ನಲ್ಲಿ ಗೈಡ್ ಜೊತೆಗೇ ಕೂತಿರುತ್ತಾರೆ. ಕಯಾಕ್‌ನಲ್ಲಿ ಕೂರುವವರು ನೀವೊಬ್ಬರೇ. ಹಿನ್ನೀರಿನಲ್ಲಿ ಅರ್ಧ ಗಂಟೆ ಬಾಡಿಗೆ ದೋಣಿ ನಡೆಸಿದ್ದು ಇಲ್ಲಿ ಲೆಕ್ಕಕ್ಕಿಲ್ಲ.

2. ಲೈಫ್ ಜಾಕೆಟ್ ಹಾಕಿ, ಬಕಲ್‌ಗಳನ್ನೆಲ್ಲ ಬಿಗಿ ಮಾಡಿ. ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಗೆಳೆಯರಿಗೆ ಹೇಳಿ. ಜಾಕೆಟ್ ಕಿವಿಯವರೆಗೆ ಬಂತೋ, ಅದು ಸಡಿಲ. ಹೆಲ್ಮೆಟ್ ಹಣೆ ಮುಚ್ಚಲಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಶೂ ಇರಲಿ.

3. ಇವತ್ತಿನ ನೀರು ಹೇಗಿದೆ ಎಂದು ಕೇಳಿ. ಹರಿವಿನ ಕಷ್ಟವನ್ನು 1ರಿಂದ 6ರವರೆಗೆ ಅಳೆಯುತ್ತಾರೆ. ನಿಮ್ಮದು ಸದ್ಯಕ್ಕೆ ಒಂದನೇ ಕ್ಲಾಸ್. ಮಳೆ ಇಲ್ಲದಿದ್ದರೂ ನಿಶ್ಚಿಂತರಾಗಬೇಡಿ. ಸೂಪಾ ಅಣೆಕಟ್ಟಿನಲ್ಲಿ ವಿದ್ಯುತ್‌ಗಾಗಿ ನೀರು ಬಿಟ್ಟರೆ ಬಿಸಿಲಲ್ಲೂ ಕಾಳಿ ಏರುತ್ತಾಳೆ. ಕೆಳಗೆ ದಾಂಡೇಲಿ ಕಡೆ ಮೊಸಳೆಗಳೂ ಇವೆ, ಸಿಕ್ಕಲ್ಲೆಲ್ಲ ಇಳಿಯುವ ಹಾಗಿಲ್ಲ.

4. ನಿಂತ ನೀರಿನಲ್ಲಿ ದೋಣಿಯೊಳಗೆ ಕೂತು ಸ್ಪ್ರೇ ಸ್ಕರ್ಟ್ ಬಿಗಿಯಿರಿ. ಸೊಂಟದ ಸುತ್ತ ನೀರು ಒಳಗೆ ಬರದಂತೆ ಮುಚ್ಚುವ ಬಟ್ಟೆ ಇದು. ಅದರ ಮುಂದಿನ ಕುಣಿಕೆ ಹೊರಗೇ ಇರಬೇಕು! ಹೊಸಬರು ಅದನ್ನು ಒಳಗೆ ಸಿಕ್ಕಿಸಿಬಿಡುತ್ತಾರೆ. ಮಗುಚಿದಾಗ ನಿಮ್ಮ ಬಾಗಿಲ ಚಿಲಕ ಅದೇ.

5. ಈಗ ಬೇಕೆಂದೇ ಮಗುಚಿ. ಗುರು ಪಕ್ಕದಲ್ಲೇ ಸೊಂಟದುದ್ದ ನೀರಲ್ಲಿ ನಿಂತಿರಲಿ. ಉಸಿರು ಹಿಡಿದು ಮುಂದಕ್ಕೆ ಬಾಗಿ. ತಲೆಕೆಳಗಾದಿರಾ? ಮೂಗಿಗೆ ನೀರು ಹೋಗುತ್ತದೆ, ಹೋಗಲಿ. ಎರಡೂ ಅಂಗೈಯಿಂದ ದೋಣಿಯ ತಳವನ್ನು ಮೂರು ಸಲ ತಟ್ಟಿ. ತಟ್ಟುವುದು ಗುರುವಿಗೆ ಸೂಚನೆ, ನಿಮ್ಮ ಗಾಬರಿಗೂ ಮದ್ದು. ಆಮೇಲೆ ಕುಣಿಕೆಯನ್ನು ಮುಂದಕ್ಕೆ ಎಳೆಯಿರಿ, ಸೊಂಟದ ಎರಡೂ ಬದಿಗೆ ಕೈಯೂರಿ ಪ್ಯಾಂಟ್ ಕಳಚುವ ಹಾಗೆ ದೋಣಿಯನ್ನು ಕಳಚಿಕೊಳ್ಳಿ. ಹಿಂದಕ್ಕೆ ಬಾಗಿದರೆ ಕಾಲು ಸಿಕ್ಕಿಕೊಳ್ಳುತ್ತದೆ, ಅದೊಂದು ನೆನಪಿರಲಿ. ಬೇಸರ ಬರುವವರೆಗೆ ಇದನ್ನೇ ಮಾಡಿ.

6. ಹರಿಯುವ ನೀರಲ್ಲಿ ತೇಲಿ. ಅಂಗಾತ ಮಲಗಿ, ಕಾಲು ಮೇಲೆ, ಹರಿವಿನ ಕಡೆಗೆ ಮುಂದೆ. ಬಾವಿಯಲ್ಲಿ ಈಜು ಕಲಿತವರೂ ಇಲ್ಲೇ ಎಡವುವುದು: ನೆಲ ತಾಕಿದ ಕೂಡಲೇ ಎದ್ದು ನಿಲ್ಲುತ್ತಾರೆ. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ಮೊಣಕಾಲುದ್ದದ ನೀರೂ ಮುಖ ಅಡಿಯಾಗಿ ಕೆಡವುತ್ತದೆ. ದಡದ ಬಳಿಯ ನಿಂತ ನೀರು ಸಿಗುವವರೆಗೆ ಏಳಬೇಡಿ.

7. ತೇಲುವಾಗ ದಡದಿಂದ ಎಸೆದ ಹಗ್ಗವನ್ನು ಎದೆಯ ಮೇಲೆ ಹಿಡಿಯಿರಿ. ಕೈಗೆ ಸುತ್ತಬೇಡಿ.

8. ಈಗ ಹುಟ್ಟು. ಬಂಡೆಯ ಹಿಂದೆ ನೀರು ತಿರುಗಿ ಬಂದು ತಂಗುವ ಜಾಗಕ್ಕೆ ಎಡ್ಡಿ ಅನ್ನುತ್ತಾರೆ, ನದಿಯ ಬಸ್‌ಸ್ಟಾಪ್ ಅನ್ನಿ. ಒಂದು ಎಡ್ಡಿಯಿಂದ ಇನ್ನೊಂದಕ್ಕೆ ಹೋಗುವುದನ್ನು ಅಭ್ಯಾಸ ಮಾಡಿ. ದೋಣಿ ಬಂಡೆಗೆ ಬಡಿಯಿತೇ? ಹೆದರಿ ಆಚೆ ವಾಲಬೇಡಿ, ವಾಲಿದರೆ ನೀರು ಅಂಚು ಹತ್ತಿ ಮಗುಚುತ್ತದೆ. ಬಂಡೆಯನ್ನೇ ಅಪ್ಪಿಕೊಳ್ಳಿ.

9. ಮುಂದಿನ ತಿರುವು ಕಾಣದಿದ್ದರೆ ದಡಕ್ಕೆ ಬಂದು ನೋಡಿ. ನೀರಿಗೆ ಅಡ್ಡ ಬಿದ್ದ ಮರ ಜರಡಿಯ ಹಾಗೆ: ನೀರನ್ನು ಬಿಡುತ್ತದೆ, ನಿಮ್ಮನ್ನು ಹಿಡಿಯುತ್ತದೆ. ಕಿಂಡಿ ಅಣೆಕಟ್ಟಿನ ಮೇಲಿಂದ ಧುಮುಕುವ ನೀರು ಸಣ್ಣದಾಗಿ ಕಂಡರೂ ಬುಡದಲ್ಲಿ ಹಿಂದಕ್ಕೆ ಸುತ್ತುತ್ತಾ ಬಿದ್ದವರನ್ನು ಬಿಡುವುದಿಲ್ಲ. ಇವೆರಡರಲ್ಲಿ ಯಾವುದು ಕಂಡರೂ ದೋಣಿಯನ್ನು ಹೆಗಲಿಗೇರಿಸಿ ದಡದಲ್ಲೇ ನಡೆದು ದಾಟಿ. 20 ಕಿಲೋ ಆಸುಪಾಸಿನ ಭಾರ, ಭುಜ ನೋಯುತ್ತದೆ. ಪಳಗಿದವರೂ ಹೀಗೇ ಹೊರುತ್ತಾರೆ.