ಸ್ಪ್ರಿಂಗಿಗೆ 34 ಸಾವಿರ, ಶಾಕಿಗೆ 2.36 ಲಕ್ಷ

ನಂದಿಬೆಟ್ಟದ ತಿರುವುಗಳಲ್ಲಿ ನನ್ನ ಕಾರು ಓಲಾಡುತ್ತಿತ್ತು. ದೂರು ಅಷ್ಟೇ. ಅದಕ್ಕೆ ಮದ್ದು ಮಾಡಲು ಹೊರಟು ಹತ್ತು ತಿಂಗಳಲ್ಲಿ ಮೂರು ಮುಕ್ಕಾಲು ಲಕ್ಷ ರೂಪಾಯಿ ಕಳೆದೆ, ಓಲಾಟ ಮಾತ್ರ ನಿಲ್ಲಲಿಲ್ಲ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡ ಪರಿಚಯದ ಹುಡುಗರು ಈಗ ಅದೇ ದಾರಿ ಹಿಡಿಯುತ್ತಿರುವುದನ್ನು ನೋಡಿ, ಲೆಕ್ಕವನ್ನೆಲ್ಲ ಬಿಚ್ಚಿಡುತ್ತಿದ್ದೇನೆ.

2021ರಲ್ಲಿ 21 ಲಕ್ಷ ಕೊಟ್ಟು 2013ರ ಮಾಡೆಲ್‌ನ ಎರಡು ಬಾಗಿಲಿನ ಜರ್ಮನ್ ಕಾರು ಕೊಂಡೆ. ಅದರಲ್ಲಿದ್ದದ್ದು ಅಡಾಪ್ಟಿವ್ ಸಸ್ಪೆನ್ಷನ್. ಸಾಮಾನ್ಯ ಶಾಕ್ ಅಬ್ಸಾರ್ಬರ್‌ನ ಬಿಗಿ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಇದರಲ್ಲಿ ಹಾಗಲ್ಲ, ರಸ್ತೆ ನೋಡಿಕೊಂಡು ಕಂಪ್ಯೂಟರ್ ಅದನ್ನು ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಕೆಲವು ಕಾರುಗಳಲ್ಲಿ ವಿದ್ಯುತ್ ಕವಾಟವೊಂದು ಎಣ್ಣೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ನನ್ನದರಲ್ಲಿ ಎಣ್ಣೆಯೊಳಗೇ ಕಬ್ಬಿಣದ ಸೂಕ್ಷ್ಮ ಕಣಗಳಿವೆ. ಸುರುಳಿಯಲ್ಲಿ ವಿದ್ಯುತ್ ಹರಿದ ತಕ್ಷಣ ಅವು ಸಾಲುಗಟ್ಟಿ ಎಣ್ಣೆ ಗಟ್ಟಿಯಾಗುತ್ತದೆ. ಇಂಥ ದ್ರವದ ಮೇಲೆ ಅಮೆರಿಕದಲ್ಲಿ ಜೇಕಬ್ ರಾಬಿನೋ ಕೆಲಸ ಮಾಡಿದ್ದು 1940ರ ದಶಕದಲ್ಲಿ. ಕಾರಿನ ಶಾಕ್‌ನೊಳಗೆ ಅದು ಬಂದದ್ದು 2002ರ ಮಾಡೆಲ್‌ನ ಕ್ಯಾಡಿಲಾಕ್ ಸೆವಿಲ್‌ನಲ್ಲಿ. ಇಷ್ಟು ಜಾಣ ವಸ್ತು ನನ್ನ ಕಾರಿನಡಿ ಇದೆಯೆಂಬ ಹೆಮ್ಮೆ ನನಗೆ ಇಂದಿಗೂ ಇದೆ.

2022ರ ಆರಂಭದಲ್ಲಿ ಕಾರನ್ನು 30 ಮಿ.ಮೀ. ಇಳಿಸುವ ಸ್ಪ್ರಿಂಗ್ ಸೆಟ್ ಹೊರದೇಶದಿಂದ ತರಿಸಿದೆ. ಬೆಲೆ 34,000. ಸುಂಕ, ತೆರಿಗೆ ಸೇರಿ ಇನ್ನೂ 16,700. ಕೂರಿಸಿ ಅಲೈನ್‌ಮೆಂಟ್ ಮಾಡಲು ಗ್ಯಾರೇಜಿನವರು ತೆಗೆದುಕೊಂಡದ್ದು 18,000. ಅಲ್ಲಿಗೆ 68,700 ಆಯಿತು. ಕಾರು ನೆಲಕ್ಕೆ ಒತ್ತಿಕೊಂಡು ನಿಂತ ಚೆಂದಕ್ಕೆ ಒಂದು ವಾರ ಪಾರ್ಕಿಂಗ್‌ನಲ್ಲಿ ತಿರುತಿರುಗಿ ನೋಡಿದೆ.

ಆಮೇಲೆ ಹಂಪ್‌ಗಳ ಕಾಟ ಶುರುವಾಯಿತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಗಂಟೆಗೆ 25 ಕಿ.ಮೀ. ವೇಗಕ್ಕೆ ಹಾಕುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯದು ಒಂದು ಹೆಜ್ಜೆಯಷ್ಟೂ ಅಗಲವಿಲ್ಲ, ಗೋಡೆ ಎಬ್ಬಿಸಿದ ಹಾಗಿದೆ. ಅದನ್ನು ದಾಟುವಾಗಲೆಲ್ಲ ಹಿಂದಿನಿಂದ 'ಧಡ್' ಎಂಬ ಸದ್ದು. ಅಕ್ಟೋಬರ್‌ನಲ್ಲಿ ಹಿಂದಿನ ಎಡಗಡೆಯ ಶಾಕ್ ಎಣ್ಣೆ ಕಾರತೊಡಗಿತು.

ಈ ಸಲ ಬೇರೆ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಶಾಕ್ ಬಿಚ್ಚಿ, ಅದು ತಳ ಬಡಿಯದಂತೆ ದಂಡಕ್ಕೆ ಸಿಕ್ಕಿಸಿದ್ದ ಬಂಪ್ ಸ್ಟಾಪರ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಹಳದಿ ಸ್ಪಂಜಿನಂಥ ವಸ್ತು. ಒಂದು ಬದಿ ಜಜ್ಜಿ ಹುಡಿಯಾಗಿತ್ತು, ಬೆರಳಿಗೆ ಪುಡಿ ಅಂಟಿಕೊಂಡಿತು. 'ನೋಡಿ ಸಾರ್, ಗಾಡಿ ಇಳಿಸಿದ್ಮೇಲೆ ಶಾಕ್‌ಗೆ ಓಡಾಡೋಕೆ ಜಾಗಾನೇ ಇಲ್ಲ. ಸ್ಪ್ರಿಂಗ್ ಗಟ್ಟಿ ಹಾಕ್ಸಿದೀರಿ, ಕಂಪ್ಯೂಟರ್ ಇನ್ನೂ ಹಳೇ ಸ್ಪ್ರಿಂಗಿನ ಲೆಕ್ಕದಲ್ಲೇ ಐತೆ' ಎಂದರು. ಚಕ್ರದ ಬಳಿಯ ಎತ್ತರ ಅಳೆಯುವ ಸೆನ್ಸರ್‌ಗಳಿಗೆ ಹೊಸ ಎತ್ತರವನ್ನು ಸ್ಕ್ಯಾನರ್ ಹಾಕಿ ತಿಳಿಸಬೇಕಿತ್ತು, ಮೊದಲ ಗ್ಯಾರೇಜಿನವರು ತಿಳಿಸಿರಲಿಲ್ಲ. ಎಂಟು ತಿಂಗಳು ನನ್ನ ಕಾರು ಡಿಕ್ಕಿ ತುಂಬ ಲಗೇಜು ಹೇರಿದೆಯೆಂದೇ ತಿಳಿದು ಓಡಿತ್ತು. ಒಂಬತ್ತು ವರ್ಷದ ಶಾಕ್ ಇಂದಲ್ಲ ನಾಳೆ ಸೋರುವಂಥದ್ದೇ, ಆದರೆ ಅದರ ಆಯಸ್ಸನ್ನು ನಾನೇ ಕಡಿಮೆ ಮಾಡಿದ್ದೆ.

ಹೊಸ ಶಾಕ್ ಒಂದಕ್ಕೆ 1,18,000. ಒಂದನ್ನೇ ಹಾಕುವಂತಿಲ್ಲ, ಜೋಡಿಯೇ ಬದಲಾಗಬೇಕು: 2,36,000. ಸ್ಟಾಪರ್, ಕೂಲಿ ಸೇರಿ 2,57,000. ಮನೆಯ ಸುಣ್ಣಬಣ್ಣಕ್ಕೆಂದು ಇಟ್ಟಿದ್ದ ಎಫ್‌ಡಿ ಮುರಿಸಿದೆ. ಮೂಲ ಸ್ಪ್ರಿಂಗ್ ವಾಪಸ್ ಹಾಕೋಣವೆಂದರೆ ಮೊದಲ ಗ್ಯಾರೇಜಿನವರು ಅವನ್ನು ಗುಜರಿಗೆ ಕೊಟ್ಟಾಗಿತ್ತು. ಹೊಸದಾಗಿ ನಾಲ್ಕನ್ನು ತರಿಸಲು 52,000. ಒಟ್ಟು 3,77,700. ಹೊರತೆಗೆದ ಸ್ಪ್ರಿಂಗ್ ಮಾರಿ ಬಂದದ್ದು 12,000.

ಬೇರೆ ದಾರಿ ಇರಲಿಲ್ಲವೇ? ಇತ್ತು. ಎಲೆಕ್ಟ್ರಾನಿಕ್ ಶಾಕ್ ತೆಗೆದು ಮಾಮೂಲಿ ಕಾಯ್ಲೋವರ್ (ಶಾಕ್, ಸ್ಪ್ರಿಂಗ್ ಒಟ್ಟಿಗಿರುವ ಜೋಡಣೆ) ಹಾಕಿಸಬಹುದು. ಡ್ಯಾಶ್‌ಬೋರ್ಡಿನ ದೀಪ ಉರಿಯದಂತೆ ಕಂಪ್ಯೂಟರ್‌ಗೆ ಸುಳ್ಳು ಹೇಳುವ ಪುಟ್ಟ ಪೆಟ್ಟಿಗೆಯೂ ಸಿಗುತ್ತದೆ. ರೇಸ್ ಟ್ರ್ಯಾಕಿಗೆಂದೇ ಕಾರು ಇಟ್ಟುಕೊಂಡವರಿಗೆ ಅದು ಸರಿ. ನಾನು ದಿನಾ ಓಡಿಸುವವನು. ಕಾರು ಕೊಳ್ಳುವಾಗ ಯಾವ ಸೌಲಭ್ಯಕ್ಕೆ ಹೆಚ್ಚು ಬೆಲೆ ತೆತ್ತೆನೋ ಅದನ್ನೇ ಇನ್ನಷ್ಟು ಹಣ ಕೊಟ್ಟು ಕಿತ್ತು ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಬಿಲ್‌ಸ್ಟೈನ್‌ನ ಡ್ಯಾಂಪ್‌ಟ್ರಾನಿಕ್, ಕೆಡಬ್ಲ್ಯೂ ಕಂಪನಿಯ ಡಿಡಿಸಿ ಮುಂತಾದ ಸೆಟ್‌ಗಳು ಕಾರಿನೊಳಗಿನ ಸಸ್ಪೆನ್ಷನ್ ಗುಂಡಿಯ ಮಾತನ್ನೇ ಕೇಳುತ್ತವೆ. ಸ್ಪ್ರಿಂಗ್, ಶಾಕ್ ಎರಡೂ ಒಂದಕ್ಕೊಂದು ಹೊಂದುವಂತೆ ತಯಾರಾದ ಪೂರ್ತಿ ಸೆಟ್ ಕೊಂಡರೆ ನನಗಾದ ತೊಂದರೆ ಬರುವುದಿಲ್ಲ. ನನ್ನ ಮಾಡೆಲ್‌ಗೆ ಅಂಥದ್ದು ಸಿಗಲಿಲ್ಲ. ನಿಮ್ಮದಕ್ಕೆ ಸಿಗುವುದಾದರೆ, ದುಡ್ಡು ಕೂಡಿಬರುವವರೆಗೆ ಕಾಯಿರಿ. ಅರ್ಧ ಸೆಟ್ ಹಾಕಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ.

ಇಷ್ಟೆಲ್ಲ ಆದ ಮೇಲೂ ಕಾರು ಓಲಾಡುತ್ತಲೇ ಇತ್ತು. ಮೇಸ್ತ್ರಿ ಟೈರಿನ ಪಕ್ಕದ ಅಂಕಿ ತೋರಿಸಿದರು: 2316. ಅಂದರೆ 2016ರ 23ನೇ ವಾರ ತಯಾರಾದ ಟೈರು. ಟೈರಿನ ಮೇಲ್ಮೈಯ ಅಚ್ಚು ಚೆನ್ನಾಗಿಯೇ ಇತ್ತು, ರಬ್ಬರು ಮಾತ್ರ ಆರು ವರ್ಷಕ್ಕೆ ಕಲ್ಲಾಗಿತ್ತು. ಚಕ್ರವನ್ನು ಹಿಡಿದಿಡುವ ತೋಳುಗಳ ರಬ್ಬರ್ ಬುಷ್‌ಗಳಲ್ಲಿ ಉಗುರು ತೂರುವಷ್ಟು ಬಿರುಕು. ಟೈರಿಗೆ 84,000, ಬುಷ್‌ಗೆ ಕೂಲಿ ಸೇರಿ 38,000. ಮರುದಿನ ಬೆಳಗ್ಗೆ ನಂದಿಬೆಟ್ಟ ಹತ್ತಿದೆ. ಕಾರು ಹಳಿ ಮೇಲೆ ಹೋದ ಹಾಗೆ ಹೋಯಿತು. 1,22,000ದಲ್ಲಿ ಮುಗಿಯಬೇಕಿದ್ದ ಕೆಲಸ ಅದು. ರಬ್ಬರು ನೋಡದೆ ಸ್ಪ್ರಿಂಗ್ ಕೊಂಡದ್ದೇ ನನ್ನ ನಿಜವಾದ ನಷ್ಟ.

ಕಾನೂನಿನ ಮಾತೂ ಒಂದಿದೆ. ತಯಾರಕರು ಕೊಟ್ಟ, ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸಬಾರದೆನ್ನುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು, ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಿತು. ನೀವು ಹಾಕಿಸುವ ಭಾಗ ಇದರೊಳಗೆ ಬರುತ್ತದೆಯೇ, ಅಪಘಾತವಾದರೆ ಕ್ಲೇಮ್ ಸಿಗುತ್ತದೆಯೇ ಎಂದು ವಿಮಾ ಕಂಪನಿಯನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಾನೀಗ ಕಾರಿಗೆಂದೇ ಒಂದು ಆರ್‌ಡಿ ಕಟ್ಟುತ್ತಿದ್ದೇನೆ. ಗುರಿ ಎರಡು ಶಾಕ್‌ನ ಬೆಲೆ, ಏಕೆಂದರೆ ಮುಂದಿನ ಚಕ್ರಗಳ ಜೋಡಿ ಇನ್ನೂ ಹಳೆಯದೇ. ಅಷ್ಟು ಹಣ ಕೈಯಲ್ಲಿ ಇಲ್ಲದವರು ಅಡಾಪ್ಟಿವ್ ಕಾರಿನ ಸಸ್ಪೆನ್ಷನ್ ಮುಟ್ಟಬೇಡಿ. ಮುಟ್ಟಲೇಬೇಕೆಂದಿದ್ದರೆ, ಬಿಚ್ಚಿದ ಮೂಲ ಸ್ಪ್ರಿಂಗ್, ಶಾಕ್, ಬೋಲ್ಟುಗಳನ್ನೆಲ್ಲ ಗೋಣಿಚೀಲಕ್ಕೆ ಹಾಕಿಸಿ ಅದೇ ದಿನ ಮನೆಗೆ ತನ್ನಿ.