ತೇಜಸ್ವಿಯವರ ಕಾದಂಬರಿಗಳಲ್ಲಿ ಪತ್ತೇದಾರಿ ಕಥನದ ಆಕೃತಿ

ಕನ್ನಡದಲ್ಲಿ ಪತ್ತೇದಾರಿ ಹಾಗೂ ರೋಚಕ ಕಾದಂಬರಿಗಳಿಗೆ ಗಣನೀಯ ಪರಂಪರೆಯಿದೆ. ಎನ್. ನರಸಿಂಹಯ್ಯ, ಟಿ.ಕೆ. ರಾಮರಾವ್ ಮೊದಲಾದವರು ಈ ಪ್ರಕಾರಕ್ಕೆ ವಿಸ್ತಾರವಾದ ಓದುಗ ವರ್ಗವನ್ನು ರೂಪಿಸಿಕೊಟ್ಟರು. ಆದರೆ 'ಗಂಭೀರ' ಮತ್ತು 'ಜನಪ್ರಿಯ' ಎಂಬ ವಿಭಜನೆಯೇ ಮೌಲ್ಯನಿರ್ಣಯದ ಮಾನದಂಡವಾದಾಗ, ಕುತೂಹಲವನ್ನು ಕೆರಳಿಸುವ ಕಥನವು ಅಧ್ಯಯನಕ್ಕೆ ಯೋಗ್ಯವಲ್ಲವೆಂಬ ಗ್ರಹಿಕೆ ಬೇರೂರಿತು. ಈ ಗ್ರಹಿಕೆಯನ್ನು ಸೃಜನಶೀಲ ಕೃತಿಗಳ ಮೂಲಕವೇ ಅಲುಗಾಡಿಸಿದವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938-2007).

ಕುವೆಂಪು ಅವರ ಮಗನಾಗಿ ಮೈಸೂರಿನಲ್ಲಿ ಬೆಳೆದ ತೇಜಸ್ವಿ, ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಓದಿ, ಕನ್ನಡ ಎಂ.ಎ. ಪದವಿ ಪಡೆದರು. ಅಧ್ಯಾಪನದ ದಾರಿಯನ್ನು ಹಿಡಿಯದೆ ಮಲೆನಾಡಿನಲ್ಲಿ ಕೃಷಿಕರಾದರು. 'ಅಬಚೂರಿನ ಪೋಸ್ಟಾಫೀಸು' (1973) ಸಂಕಲನದ ಮುನ್ನುಡಿಯಲ್ಲಿ ನವ್ಯದ ಸಿದ್ಧಮಾದರಿಗಳಿಂದ ಬಿಡುಗಡೆ ಅಗತ್ಯವೆಂದು ಸಾರಿದರು. ಪತ್ತೇದಾರಿ ಆಕೃತಿಯತ್ತ ಅವರ ಒಲವನ್ನು ಈ ಬಿಡುಗಡೆಯ ಮುಂದುವರಿಕೆಯಾಗಿ ಕಾಣಬಹುದು.

'ಚಿದಂಬರ ರಹಸ್ಯ' (1985) ಏಲಕ್ಕಿ ಸಂಶೋಧನೆಯಲ್ಲಿ ತೊಡಗಿದ್ದ ಜೋಗಿಹಾಳರ ನಿಗೂಢ ಸಾವಿನ ಶೋಧವನ್ನು ಎಳೆಯಾಗಿಟ್ಟುಕೊಂಡಿದೆ. ತನಿಖೆಗೆಂದು ಕೆಸರೂರಿಗೆ ಬರುವ ಅಂಗಡಿಯ ಜೊತೆಗೆ ಓದುಗರೂ ಸುಳಿವುಗಳನ್ನು ಹುಡುಕತೊಡಗುತ್ತಾರೆ. ಆದರೆ ಪ್ರತಿ ಸುಳಿವೂ ಅಪರಾಧಿಯೊಬ್ಬನ ಕಡೆಗಲ್ಲದೆ ಏಲಕ್ಕಿ ಇಳುವರಿಯ ಕುಸಿತ, ಮರಗಳ್ಳತನ, ಹಬ್ಬುತ್ತಿರುವ ಲಂಟಾನ, ಜಾತಿ ಹಾಗೂ ಕೋಮು ದ್ವೇಷಗಳ ಕಡೆಗೆ ಕೊಂಡೊಯ್ಯುತ್ತದೆ. ಸಾಂಪ್ರದಾಯಿಕ ಪತ್ತೇದಾರಿ ಕಾದಂಬರಿಯಲ್ಲಿ ಅಪರಾಧಿಯ ಬಂಧನದೊಂದಿಗೆ ಸಮಾಜದ ಸುವ್ಯವಸ್ಥೆ ಮರುಸ್ಥಾಪನೆಗೊಳ್ಳುತ್ತದೆ. ಇಲ್ಲಿ ಅಂತ್ಯವನ್ನು ಆಳುವುದು ಬಂಧನವಲ್ಲ, ಕಾಡ್ಗಿಚ್ಚು. ಎಲ್ಲರ ಕಣ್ಣೆದುರೇ ಇದ್ದೂ ಯಾರೂ ಒಪ್ಪಿಕೊಳ್ಳದ ವಿನಾಶವೇ ಕಾದಂಬರಿಯ ನಿಜವಾದ ರಹಸ್ಯ. ಶೀರ್ಷಿಕೆಯ ನುಡಿಗಟ್ಟಿನ ಧ್ವನಿಯೂ ಇದೇ. ಈ ಕೃತಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತದ್ದು, ಮೇಲೆ ಹೇಳಿದ ವಿಭಜನೆ ಎಷ್ಟು ದುರ್ಬಲವೆಂಬುದನ್ನು ಸೂಚಿಸುತ್ತದೆ.

'ಜುಗಾರಿ ಕ್ರಾಸ್' (1994) ಹೆಚ್ಚು ವೇಗದ ಕಥನ. ಏಲಕ್ಕಿ ಮಾರಲು ಹೊರಟ ಸುರೇಶ-ಗೌರಿ ದಂಪತಿ ಅರಿವಿಲ್ಲದೆ ಕಾಡಿನ ಕಳ್ಳ ವ್ಯಾಪಾರದ ಜಾಲಕ್ಕೆ ಸಿಲುಕುತ್ತಾರೆ. ಸುಮಾರು ಒಂದು ದಿನದೊಳಗೆ ಅಡಕಗೊಂಡ ಕಾಲ, ಬೆನ್ನಟ್ಟುವಿಕೆ, ರೈಲಿನ ಪ್ರಯಾಣ ಇವೆಲ್ಲ ರೋಚಕ ಕಾದಂಬರಿಯ ಪರಿಚಿತ ಪರಿಕರಗಳೇ. ಆದರೆ ಇಲ್ಲಿನ ಒಗಟಿನ ಬೀಗದ ಕೈ ಹಳೆಯ ಕಾವ್ಯವೊಂದರಲ್ಲಿದೆ. ಪಠ್ಯದ ಅರ್ಥನಿರ್ಣಯವೇ ಪತ್ತೇದಾರಿಕೆಯಾಗುವುದರಿಂದ, ಭಾಷಾಜ್ಞಾನ ಮತ್ತು ನೆಲದ ಅರಿವು ಪರಸ್ಪರ ಪೂರಕವಾಗುತ್ತವೆ. ಹಳಗನ್ನಡವನ್ನು ಪಾಠವಾಗಿಯಷ್ಟೇ ಕಾಣುವ ದೃಷ್ಟಿಗೆ ಇದೊಂದು ಸೂಕ್ಷ್ಮ ಪ್ರತಿಕ್ರಿಯೆಯೂ ಹೌದು.

ಭಯದ ನಿರೂಪಣೆಯಲ್ಲಿಯೂ ಇದೇ ವಿವೇಕ ಕಾಣುತ್ತದೆ. ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್ ಅವರ ನರಭಕ್ಷಕಗಳ ಕಥೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದರು. ಅಲ್ಲಿ ಭೀತಿಯ ಮೂಲ ಅಲೌಕಿಕವಲ್ಲ. ಗಾಯಗೊಂಡ ಪ್ರಾಣಿ, ಮನುಷ್ಯನ ಅತಿಕ್ರಮಣ ಮೊದಲಾದ ಕಾರಣಗಳನ್ನು ಶೋಧಿಸಿದಂತೆ ಭಯವು ತಿಳಿವಳಿಕೆಯಾಗಿ ಮಾರ್ಪಡುತ್ತದೆ.

ಒಟ್ಟಾರೆ, ತೇಜಸ್ವಿಯವರು ಪತ್ತೇದಾರಿ ಆಕೃತಿಯನ್ನು ಅನುಕರಿಸಲೂ ಇಲ್ಲ, ಅಣಕಿಸಲೂ ಇಲ್ಲ. 'ಯಾರು ಕೊಂದರು' ಎಂಬ ಪ್ರಶ್ನೆಯನ್ನು 'ಏನು ನಾಶವಾಗುತ್ತಿದೆ' ಎಂಬ ಪ್ರಶ್ನೆಯಾಗಿ ಪಲ್ಲಟಗೊಳಿಸಿದರು. ಜನಪ್ರಿಯ ಕಥನವನ್ನು ಹೊರಗಿಟ್ಟು ರಚಿಸುವ ಕನ್ನಡ ಕಾದಂಬರಿಯ ಚರಿತ್ರೆ ಈ ಪಲ್ಲಟವನ್ನು ವಿವರಿಸಲಾರದು. ಆದ್ದರಿಂದ ನರಸಿಂಹಯ್ಯ, ರಾಮರಾವ್ ಅವರ ಕೃತಿಗಳನ್ನೂ ತೇಜಸ್ವಿಯವರ ಜೊತೆಗಿಟ್ಟು ಓದುವ ತೌಲನಿಕ ಅಧ್ಯಯನ ಅಗತ್ಯವಾಗಿದೆ.